ಖಾಸಗಿ ವಿಶ್ವವಿದ್ಯಾಲಯದ ಕೆಲಸ: ಸೇರುವ ಮೊದಲು ಯಾರನ್ನು ಏನು ಕೇಳಬೇಕು?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕರ ರಾಜ್ಯ ಅರ್ಹತಾ ಪರೀಕ್ಷೆ) ಆಗಿದೆ, ಹೋದ ವರ್ಷ ಪಿಎಚ್‌.ಡಿ. ಮುಗಿಯಿತು. ಈಗ ಮಂಗಳೂರು-ಉಡುಪಿ ಭಾಗದ ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಾಲೇಜಿಗೆ ಸಹಾಯಕ ಪ್ರಾಧ್ಯಾಪಕಿಯಾಗಿ ಬನ್ನಿ ಎಂದು ಆಫರ್ ಬಂದಿದೆ. ಮೂರು ವರ್ಷದ ಕರಾರು, ಆಮೇಲೆ ನವೀಕರಣ. ತಿಂಗಳಿಗೆ 60,000 ರೂಪಾಯಿ ಸಿಟಿಸಿ, ಅಂದರೆ ಪಿಎಫ್ ಎಲ್ಲ ಸೇರಿ ಸಂಸ್ಥೆಗೆ ಆಗುವ ಒಟ್ಟು ಖರ್ಚು. ಅಡ್ಮಿಷನ್ ತರಲು ಊರೂರಿಗೆ ಕಳಿಸುತ್ತಾರೆ, ಸಂಶೋಧನಾ ಪೇಪರ್ ಬರೆಯದಿದ್ದರೆ ತೆಗೆದುಹಾಕುತ್ತಾರೆ ಎಂದು ಗೆಳತಿಯರು ಹೆದರಿಸುತ್ತಿದ್ದಾರೆ. ಗಂಡನ ಕೆಲಸ ಶಿವಮೊಗ್ಗದಲ್ಲಿ, ಮಗನಿಗೆ ಆರು ವರ್ಷ. ಅಲ್ಲಿನ ಕೆಲಸ ನಿಜಕ್ಕೂ ಹೇಗಿರುತ್ತದೆ? ಸರ್ಕಾರಿ ನೇಮಕಾತಿಗೆ ಕಾಯುವುದೇ ಒಳ್ಳೆಯದಾ?

ಉತ್ತರ: ನಿಮ್ಮ ಪತ್ರದಲ್ಲಿ ವಿಶ್ವವಿದ್ಯಾಲಯದ ಹೆಸರಿತ್ತು. ಅದನ್ನು ಇಲ್ಲಿ ತೆಗೆದಿದ್ದೇನೆ. ಕಾರಣ, ಹೆಸರಿನಿಂದ ನಿಮಗೆ ಗೊತ್ತಾಗುವುದು ಕಡಿಮೆ. ಕರಾವಳಿಯ ಖಾಸಗಿ ಕ್ಯಾಂಪಸ್‌ಗಳಲ್ಲಿ ಪಾಠವನ್ನೂ ಮಾಡಿದ್ದೇನೆ, ಆಮೇಲೆ ಸಂದರ್ಶನ ಸಮಿತಿಯ ಮೇಜಿನ ಆಚೆ ಬದಿಗೂ ಕೂತಿದ್ದೇನೆ. ಒಂದೇ ಗೇಟು, ಒಂದೇ ಐಡಿ ಕಾರ್ಡು, ಒಂದೇ ಸಂಬಳದ ಪಟ್ಟಿ. ಆದರೂ ಒಂದು ವಿಭಾಗದವರು ನಿವೃತ್ತಿವರೆಗೆ ಖುಷಿಯಲ್ಲಿರುತ್ತಾರೆ, ಪಕ್ಕದ ಕಟ್ಟಡದವರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಿರುತ್ತಾರೆ. ಹಾಗಾಗಿ ‘ಆ ಯೂನಿವರ್ಸಿಟಿ ಹೇಗೆ’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ‘ಆ ವಿಭಾಗದ ಮುಖ್ಯಸ್ಥರು, ಅಂದರೆ ಎಚ್‌ಒಡಿ ಯಾರು, ನಾನು ಕೂರಲಿರುವ ಕುರ್ಚಿಯಲ್ಲಿ ಮೊದಲು ಯಾರಿದ್ದರು, ಅವರು ಯಾಕೆ ಬಿಟ್ಟರು’ ಎಂದು ಕೇಳಬೇಕು. ಇಡೀ ಉತ್ತರ ಈ ಮಾತಿನ ಸುತ್ತಲೇ ಇದೆ.

ಮೊದಲು ನೀವು ಬರುತ್ತಿರುವ ಜಾಗದ ಬಗ್ಗೆ ಸ್ವಲ್ಪ. ಇಲ್ಲಿ ಖಾಸಗಿ ಉನ್ನತ ಶಿಕ್ಷಣ ನಿನ್ನೆ ಮೊನ್ನೆಯದಲ್ಲ. ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ಮೆಡಿಕಲ್ ಕಾಲೇಜು ಶುರು ಮಾಡಿದ್ದು 1953ರಲ್ಲಿ. ಅಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದದ್ದು 1957ರಲ್ಲಿ. 1993ರಲ್ಲಿ ಅದೆಲ್ಲ ಸೇರಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು, ಅಂದರೆ ಕೇಂದ್ರ ಸರ್ಕಾರದಿಂದ ವಿ.ವಿ.ಯ ಸ್ಥಾನಮಾನ ಪಡೆಯಿತು. ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯಕ್ಕೆ ಆ ಮಾನ್ಯತೆ ಸಿಕ್ಕಿದ್ದು 2008ರಲ್ಲಿ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ಆಯಿತು. ಶ್ರೀನಿವಾಸ ವಿಶ್ವವಿದ್ಯಾಲಯದ ದಾರಿ ಬೇರೆ. ಅದು ರಾಜ್ಯದ ಕಾಯ್ದೆಯಿಂದ ಹುಟ್ಟಿದ ಖಾಸಗಿ ವಿ.ವಿ. ಇವುಗಳ ಮಧ್ಯೆ ಕೊಣಾಜೆಯಲ್ಲಿ 1980ರ ಮಂಗಳೂರು ವಿ.ವಿ., ಸುರತ್ಕಲ್‌ನಲ್ಲಿ ಕೇಂದ್ರದ ಎನ್‌ಐಟಿಕೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಸಂಸ್ಥೆಗಳಿರುವುದರಿಂದ ಒಂದು ಲಾಭವಿದೆ. ಒಂದು ಕಡೆ ಸರಿಹೋಗದಿದ್ದರೆ ಮನೆ ಬದಲಿಸದೆ ಕೆಲಸ ಬದಲಿಸಬಹುದು. ನಷ್ಟವೂ ಇದೆ. ಎಲ್ಲರಿಗೂ ಎಲ್ಲರೂ ಗೊತ್ತು. ನೀವು ಒಂದು ಕಡೆ ಜಗಳವಾಡಿ ಹೊರಟರೆ ಸುದ್ದಿ ನಿಮಗಿಂತ ಮೊದಲು ಮುಂದಿನ ಕ್ಯಾಂಪಸ್ ತಲುಪಿರುತ್ತದೆ.

ನಿಮ್ಮ ಈಗಿನ ಕಾಲೇಜಿಗೂ ಡೀಮ್ಡ್ ವಿ.ವಿ.ಗೂ ದೊಡ್ಡ ವ್ಯತ್ಯಾಸ ಸಂಬಳದಲ್ಲಿಲ್ಲ, ಪರೀಕ್ಷೆಯಲ್ಲಿದೆ. ಸಂಯೋಜಿತ ಕಾಲೇಜಿನಲ್ಲಿ ಸಿಲೆಬಸ್ ವಿ.ವಿ.ಯಿಂದ ಬರುತ್ತದೆ, ಪ್ರಶ್ನೆಪತ್ರಿಕೆ ಇನ್ಯಾರೋ ತೆಗೆಯುತ್ತಾರೆ, ಉತ್ತರಪತ್ರಿಕೆ ಇನ್ನೆಲ್ಲೋ ಹೋಗುತ್ತದೆ. ಇಲ್ಲಿ ಎಲ್ಲವೂ ಒಳಗೇ. ಸಿಲೆಬಸ್ ಬರೆಯುವವರಲ್ಲಿ ನೀವೂ ಒಬ್ಬರು, ಪ್ರಶ್ನೆ ತೆಗೆಯುವವರೂ ನೀವೇ, ತಿದ್ದುವವರೂ ನೀವೇ. ಪಾಠ ಮಾಡಲು ಆಸಕ್ತಿಯಿರುವವರಿಗೆ ಇದು ದೊಡ್ಡ ಸ್ವಾತಂತ್ರ್ಯ. ಇಪ್ಪತ್ತು ವರ್ಷ ಹಳೆಯ ಪ್ರಯೋಗ ತೆಗೆದು ಹೊಸದು ಹಾಕಬೇಕಾದರೆ ಸಿಲೆಬಸ್ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ ನಿಮ್ಮದೇ ಜನ ಕೂತಿರುತ್ತಾರೆ. ಆದರೆ ಅಂಕದ ಒತ್ತಡವೂ ನಿಮ್ಮ ತಲೆಗೇ ಬರುತ್ತದೆ. ಫೇಲ್ ಆದವರು ಜಾಸ್ತಿಯಾದರೆ ‘ವಿ.ವಿ. ಪೇಪರ್ ಕಷ್ಟ ಇತ್ತು’ ಎಂದು ಜಾರಿಕೊಳ್ಳುವ ಹಾಗಿಲ್ಲ.

ದಿನ ಹೇಗಿರುತ್ತದೆ? ಬೆಳಿಗ್ಗೆ ಬಯೋಮೆಟ್ರಿಕ್, ಸಂಜೆ ಬಯೋಮೆಟ್ರಿಕ್. ಅತಿಥಿ ಉಪನ್ಯಾಸಕರಾಗಿ ಕ್ಲಾಸ್ ಮುಗಿಸಿ ಹೊರಡುವ ಅಭ್ಯಾಸ ನಿಮಗಿದ್ದರೆ ಮೊದಲ ಎರಡು ತಿಂಗಳು ಇದೇ ಕಷ್ಟ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ, ಒಟ್ಟು ಕೆಲಸ 40 ಗಂಟೆ. ಲೋಡ್ ಎಷ್ಟು ಎಂದು ಕೇಳಿದರೆ ಎಲ್ಲರೂ 16 ಎಂದೇ ಹೇಳುತ್ತಾರೆ. ಲ್ಯಾಬ್ ಗಂಟೆಯನ್ನು ಪೂರ್ತಿ ಲೆಕ್ಕ ಹಾಕುತ್ತಾರಾ, ಅರ್ಧ ಹಾಕುತ್ತಾರಾ ಎಂದು ಕೇಳಿ. ರಸಾಯನಶಾಸ್ತ್ರದವರಿಗೆ ಅಸಲಿ ಪ್ರಶ್ನೆ ಅದು. ಮೂರು ಬ್ಯಾಚಿನ ಲ್ಯಾಬನ್ನು ಅರ್ಧ ಲೆಕ್ಕಕ್ಕೆ ಹಾಕಿದರೆ ಕಾಗದದ 16 ಗಂಟೆಗೆ ನೀವು ನಿಂತಿರುವುದು ಇಪ್ಪತ್ತು ಗಂಟೆಗೂ ಜಾಸ್ತಿ.

ಪಾಠದ ಆಚೆಗಿನದ್ದು ಫೈಲು. ಲೆಸನ್ ಪ್ಲಾನ್, ಕೋರ್ಸ್ ಫೈಲ್, ಯಾವ ಪ್ರಶ್ನೆ ಯಾವ ಕಲಿಕಾ ಗುರಿಗೆ ಎಂಬ ಕೋಷ್ಟಕ, ಹಿಂದುಳಿದವರಿಗೆ ವಿಶೇಷ ತರಗತಿ ತೆಗೆದುಕೊಂಡದ್ದಕ್ಕೆ ಪುರಾವೆ, ಮುಂದಿರುವವರಿಗೆ ಏನು ಮಾಡಿದಿರಿ ಎಂಬುದಕ್ಕೆ ಇನ್ನೊಂದು ಪುರಾವೆ. ಯಾವ ಕಾರ್ಯಕ್ರಮವಾದರೂ ಜಿಯೋಟ್ಯಾಗ್ ಇರುವ ಫೋಟೋ, ವರದಿ, ಹಾಜರಿ ಪಟ್ಟಿ. ಇದು ಯಾರದೋ ಹುಚ್ಚಲ್ಲ. ಕಾಲೇಜು, ವಿ.ವಿ.ಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನ್ಯತೆ, ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್, ಎಂಜಿನಿಯರಿಂಗ್‌ ಕೋರ್ಸ್‌ಗಳಿಗೆ ಎನ್‌ಬಿಎ ಮಾನ್ಯತೆ, ಎಲ್ಲ ನಡೆಯುವುದೇ ದಾಖಲೆಯ ಮೇಲೆ. ಖಾಸಗಿ ವಿ.ವಿ.ಗೆ ಗ್ರೇಡ್ ಬಿದ್ದರೆ ಅಡ್ಮಿಷನ್ ಬೀಳುತ್ತದೆ, ಅಡ್ಮಿಷನ್ ಬಿದ್ದರೆ ನಿಮ್ಮ ಸಂಬಳಕ್ಕೂ ತಾಗುತ್ತದೆ. ‘ನ್ಯಾಕ್ ವಿಸಿಟ್ ವರ್ಷ’ ಬಂದರೆ ಮದುವೆಮನೆಯ ಹಿಂದಿನ ವಾರದ ಹಾಗೆ, ಯಾರಿಗೂ ಊಟದ ಹೊತ್ತು ಗೊತ್ತಿರುವುದಿಲ್ಲ. ಮುಂದಿನ ವಿಸಿಟ್ ಯಾವ ವರ್ಷ ಎಂದು ವಿಚಾರಿಸಿಕೊಳ್ಳಿ. ನಿಮ್ಮ ಪ್ರೊಬೇಷನ್ ವರ್ಷವೇ ಅದಾಗಿದ್ದರೆ ಆ ವರ್ಷ ಸಂಶೋಧನೆಯ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ಕೆಲಸದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಅದು ಮೆಂಟರಿಂಗ್. ಇಪ್ಪತ್ತೋ ಇಪ್ಪತ್ತೈದೋ ಮಕ್ಕಳನ್ನು ನಿಮ್ಮ ಹೆಸರಿಗೆ ಹಾಕುತ್ತಾರೆ. ಹಾಜರಿ 75 ಪ್ರತಿಶತಕ್ಕಿಂತ ಕೆಳಗೆ ಹೋದರೆ ಮನೆಯವರಿಗೆ ಫೋನ್ ಮಾಡಬೇಕಾದವರು ನೀವು. ಮನೆ ಎಂದರೆ ಕಾಸರಗೋಡು ಇರಬಹುದು, ಪಾಟ್ನಾ ಇರಬಹುದು, ದುಬೈ ಇರಬಹುದು. ‘ನನ್ನ ಮಗ ಹಾಗಲ್ಲ ಮೇಡಂ’ ಎಂಬುದನ್ನು ಐದು ಭಾಷೆಗಳಲ್ಲಿ ಕೇಳುತ್ತೀರಿ. ಮೊದಲ ಸಲ ಮನೆ ಬಿಟ್ಟು ಬಂದ ಹದಿನೆಂಟು ವರ್ಷದ ಮಕ್ಕಳು, ಕೆಲವರು ನಿಜಕ್ಕೂ ಕಷ್ಟದಲ್ಲಿರುತ್ತಾರೆ. ಒಳ್ಳೆಯ ಕ್ಯಾಂಪಸ್‌ಗಳಲ್ಲಿ ಆಪ್ತಸಮಾಲೋಚಕರಿರುತ್ತಾರೆ, ನೀವು ಅವರ ಹತ್ತಿರ ಕಳಿಸಿದರೆ ಸಾಕು. ಇಲ್ಲದ ಕಡೆ ಎಲ್ಲವೂ ನಿಮ್ಮ ಮೊಬೈಲಿಗೇ. ನನ್ನ ಮಟ್ಟಿಗೆ ಈ ಕೆಲಸದಲ್ಲಿ ಮನಸ್ಸಿಗೆ ತೃಪ್ತಿ ಕೊಡುವ ಭಾಗವೂ ಇದೇ, ನಿದ್ದೆ ಕೆಡಿಸುವ ಭಾಗವೂ ಇದೇ.

ಅಡ್ಮಿಷನ್ ವಿಷಯ. ಗೆಳತಿಯರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ದೇಶದ ತುಂಬ ಹೆಸರಿರುವ, ತಮ್ಮದೇ ಪ್ರವೇಶ ಪರೀಕ್ಷೆ ನಡೆಸುವ ವಿ.ವಿ.ಗಳಲ್ಲಿ ಕಂಪ್ಯೂಟರ್ ಸೈನ್ಸ್‌ನಂಥ ಸೀಟಿಗೆ ಜನ ತಾವೇ ಬರುತ್ತಾರೆ. ಅಲ್ಲಿ ಅಧ್ಯಾಪಕರು ಕೌನ್ಸೆಲಿಂಗ್ ದಿನ ಟೇಬಲ್ ಹಿಂದೆ ಕೂತು ಅನುಮಾನ ಪರಿಹರಿಸಿದರೆ ಮುಗಿಯಿತು. ಸೀಟು ತುಂಬದ ಕೋರ್ಸ್‌ಗಳ ಕಥೆ ಬೇರೆ. ಪಿಯು ಕಾಲೇಜುಗಳಿಗೆ ಹೋಗಿ ಮಾತಾಡುವುದು, ಶಿಕ್ಷಣ ಮೇಳದಲ್ಲಿ ಸ್ಟಾಲ್ ಹಾಕುವುದು, ವಿಚಾರಿಸಿದವರ ಪಟ್ಟಿ ಹಿಡಿದು ಫೋನ್ ಮಾಡುವುದು, ಬೇಸಿಗೆ ರಜೆ ಇದರಲ್ಲೇ ಹೋಗುತ್ತದೆ. ಒಂದು ಪಿಯು ಕಾಲೇಜಿಗೆ ಹೋಗಿ ರಸಾಯನಶಾಸ್ತ್ರದ ಬಗ್ಗೆ ಚೆನ್ನಾಗಿ ಮಾತಾಡಿ ಬರುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ‘ನಿಮ್ಮ ತಲೆಗೆ ಇಷ್ಟು ಅಡ್ಮಿಷನ್’ ಎಂದು ಗುರಿ ಕೊಟ್ಟು, ಅದನ್ನು ಅಪ್ರೈಸಲ್‌ಗೆ (ಕೆಲಸದ ಮೌಲ್ಯಮಾಪನಕ್ಕೆ) ಸೇರಿಸುವುದು ಮಾತ್ರ ಅಧ್ಯಾಪಕರ ಕೆಲಸವಲ್ಲ. ಸಂದರ್ಶನದಲ್ಲಿ ಇದನ್ನು ಕೇಳಲು ಸಂಕೋಚವಾದರೆ, ಅಪ್ರೈಸಲ್ ಫಾರಂನ ಖಾಲಿ ಪ್ರತಿ ಕಳಿಸಿ ಎಂದು ಎಚ್‌ಆರ್‌ಗೆ ಬರೆಯಿರಿ. ಅಡ್ಮಿಷನ್‌ಗೆ ಅಂಕ ಇದೆಯೋ ಇಲ್ಲವೋ ಅದರಲ್ಲೇ ಕಾಣುತ್ತದೆ. ಫಾರಂ ಕೊಡಲು ಹಿಂದೆ ಮುಂದೆ ನೋಡಿದರೆ ಅದೂ ಒಂದು ಉತ್ತರವೇ.

ಅದೇ ಫಾರಂನಲ್ಲಿ ಪೇಪರ್ ವಿಷಯವೂ ಇರುತ್ತದೆ. ಎನ್‌ಐಆರ್‌ಎಫ್‌ನಲ್ಲಿ ಸಂಶೋಧನೆಗೆ ದೊಡ್ಡ ಪಾಲು ಅಂಕ, ಅದರ ಲೆಕ್ಕ ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಎಂಬ ಸಂಶೋಧನಾ ಪ್ರಬಂಧಗಳ ಪಟ್ಟಿಗಳಿಂದ. ಹಾಗಾಗಿ ವರ್ಷಕ್ಕೆ ಇಂತಿಷ್ಟು ಪ್ರಬಂಧ, ಅದರಲ್ಲಿ ಇಷ್ಟು ಮೊದಲ ದರ್ಜೆಯ ಜರ್ನಲ್‌ನಲ್ಲಿ ಎಂಬ ಗುರಿ ಇರುತ್ತದೆ. ಕೆಲವೆಡೆ ಒಳ್ಳೆಯ ಜರ್ನಲ್‌ನಲ್ಲಿ ಬಂದರೆ ನಗದು ಬಹುಮಾನವೂ ಇದೆ. ಒಂದು ವರ್ಷ ಪೇಪರ್ ಬರಲಿಲ್ಲ ಎಂದು ಯಾರನ್ನೂ ರಾತ್ರೋರಾತ್ರಿ ಕಳಿಸಿದ್ದನ್ನು ನಾನು ನೋಡಿಲ್ಲ. ಆದರೆ ಇನ್‌ಕ್ರಿಮೆಂಟ್ ನಿಲ್ಲುವುದನ್ನು, ಕರಾರು ನವೀಕರಣ ಒಂದೊಂದೇ ವರ್ಷಕ್ಕೆ ಇಳಿಯುವುದನ್ನು ನೋಡಿದ್ದೇನೆ. ಒತ್ತಡಕ್ಕೆ ಬಿದ್ದು ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳ ಕಡೆ ಹೋಗಬೇಡಿ. ಆ ವರ್ಷದ ಫಾರಂ ತುಂಬುತ್ತದೆ ನಿಜ, ಆದರೆ ಮುಂದೆ ಎಲ್ಲಿ ಅರ್ಜಿ ಹಾಕಿದರೂ ಆ ಸಾಲು ನಿಮ್ಮ ಬಯೋಡೇಟಾದಲ್ಲಿ ಹಲ್ಲು ಕಿರಿಯುತ್ತಿರುತ್ತದೆ.

ಈಗ ನಿಮ್ಮ ಆಫರ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ನೀವು ಹೋಗುತ್ತಿರುವುದು ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ವಿಭಾಗಕ್ಕೆ. ಒಳಗಿನವರು ಇದನ್ನು ಸರ್ವಿಸ್ ಡಿಪಾರ್ಟ್‌ಮೆಂಟ್ ಎನ್ನುತ್ತಾರೆ. ಅಂದರೆ ನಿಮ್ಮದೇ ವಿದ್ಯಾರ್ಥಿಗಳು ಎಂದು ಯಾರೂ ಇಲ್ಲ. ಮೊದಲ ವರ್ಷದ ಎಲ್ಲ ಬ್ರಾಂಚಿನವರಿಗೆ ಒಂದು ಸೆಮಿಸ್ಟರ್ ಪಾಠ, ಆಮೇಲೆ ಅವರು ತಮ್ಮ ತಮ್ಮ ವಿಭಾಗಕ್ಕೆ ಹೋಗುತ್ತಾರೆ. ನಿಮ್ಮ ವಿಭಾಗದಲ್ಲಿ ಎಷ್ಟು ಜನ ಬೇಕು ಎಂಬುದು ಬೇರೆ ವಿಭಾಗಗಳಲ್ಲಿ ಎಷ್ಟು ಸೀಟು ತುಂಬಿತು ಎಂಬುದರ ಮೇಲೆ ನಿಂತಿದೆ. ಸಿಲೆಬಸ್ ಪರಿಷ್ಕರಣೆಯಲ್ಲಿ ರಸಾಯನಶಾಸ್ತ್ರದ ಕ್ರೆಡಿಟ್ ಕಡಿಮೆ ಮಾಡಿ ಪ್ರೋಗ್ರಾಮಿಂಗ್ ಹೆಚ್ಚಿಸಿದರೆ ಲೋಡ್ ಇಲ್ಲ ಎಂಬ ಮಾತು ಶುರುವಾಗುತ್ತದೆ. ಹಾಗೆ ಆದಾಗ ಮೊದಲು ಅಲುಗುವುದು ಕರಾರಿನ ಮೇಲಿರುವವರು.

ಅದಕ್ಕೆ ಎಚ್‌ಒಡಿ ಯಾರೆಂದು ಕೇಳಿ ಎಂದದ್ದು. ಸರ್ವಿಸ್ ಡಿಪಾರ್ಟ್‌ಮೆಂಟನ್ನು ಕೆಲವು ಎಚ್‌ಒಡಿಗಳು ಬರೀ ಟೈಮ್‌ಟೇಬಲ್ ತುಂಬುವ ಜಾಗ ಮಾಡಿಟ್ಟಿರುತ್ತಾರೆ. ಇನ್ನು ಕೆಲವರು ಅದೇ ವಿಭಾಗದಲ್ಲಿ ಪಿಎಚ್‌.ಡಿ. ಮಕ್ಕಳನ್ನು ಇಟ್ಟುಕೊಂಡು, ಪ್ರಾಜೆಕ್ಟ್ ತಂದು, ಮೆಕ್ಯಾನಿಕಲ್‌ನವರ ಜೊತೆ ತುಕ್ಕು ತಡೆಯುವ ಕೆಲಸ, ಫಾರ್ಮಸಿಯವರ ಜೊತೆ ಔಷಧಿ ಅಣುಗಳ ಕೆಲಸ ಮಾಡುತ್ತಿರುತ್ತಾರೆ. ಅಂಥ ವಿಭಾಗವನ್ನು ಲೋಡ್ ಇಲ್ಲ ಎಂದು ಮುಟ್ಟಲು ಮ್ಯಾನೇಜ್‌ಮೆಂಟ್‌ಗೂ ಮನಸ್ಸಾಗುವುದಿಲ್ಲ. ಮೆಡಿಕಲ್, ಫಾರ್ಮಸಿ, ಎಂಜಿನಿಯರಿಂಗ್ ಒಂದೇ ಸೂರಿನಡಿ ಇರುವುದು ದೊಡ್ಡ ಖಾಸಗಿ ವಿ.ವಿ.ಯ ಅಸಲಿ ಶಕ್ತಿ. ಸಣ್ಣ ಕಾಲೇಜಿನಲ್ಲಿ ಎನ್‌ಎಂಆರ್ (ಅಣುವಿನ ರಚನೆ ತಿಳಿಯುವ ಪರೀಕ್ಷೆ) ಮಾಡಿಸಲು ಸ್ಯಾಂಪಲ್ ಹಿಡಿದು ಬೆಂಗಳೂರಿಗೆ ಹೋಗಬೇಕು. ಇಲ್ಲಿ ಎಷ್ಟೋ ಉಪಕರಣ ಪಕ್ಕದ ಕಟ್ಟಡದಲ್ಲೇ ಇರುತ್ತದೆ. ಅದನ್ನು ನಿಮಗೆ ಕೊಡಿಸುವ ಪ್ರಭಾವ ಎಚ್‌ಒಡಿಗೆ ಇರಬೇಕು ಅಷ್ಟೆ. ಹೊರಗೂ ಅವಕಾಶವಿದೆ. ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ಇದೆ, ಬಾಳದಲ್ಲಿ ಬಿಎಎಸ್‌ಎಫ್ ರಾಸಾಯನಿಕ ಕಾರ್ಖಾನೆ ಇದೆ, ಸಿಂಜೀನ್‌ನ ಔಷಧಿ ಘಟಕ ಇದೆ. ಗೇರು ಕಾರ್ಖಾನೆಗಳ ಊರಿದು, ಗೇರುಸಿಪ್ಪೆಯ ಎಣ್ಣೆಯ ರಸಾಯನಶಾಸ್ತ್ರವೇ ಒಬ್ಬರ ಜೀವಮಾನಕ್ಕೆ ಸಾಕು.

ಪಿಎಚ್‌.ಡಿ. ಮಾರ್ಗದರ್ಶಿಯಾಗುವ ದಾರಿಯನ್ನೂ ಕೇಳಿ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌.ಡಿ. ಮತ್ತು ಮೂರು ಪ್ರಬಂಧಗಳಿರುವ ಸಹಾಯಕ ಪ್ರಾಧ್ಯಾಪಕರು ಮಾರ್ಗದರ್ಶಿಯಾಗಬಹುದು, ನಾಲ್ಕು ಜನರವರೆಗೆ ತೆಗೆದುಕೊಳ್ಳಬಹುದು. ಆದರೆ ಆ ನಿಯಮ ಹೇಳುವುದು ಕಾಯಂ ಅಧ್ಯಾಪಕರ ಬಗ್ಗೆ. ಮೂರು ವರ್ಷದ ಕರಾರಿನವರನ್ನು ನಿಮ್ಮ ವಿ.ವಿ. ಆ ಲೆಕ್ಕಕ್ಕೆ ಸೇರಿಸುತ್ತದೆಯೇ? ಇದು ಚಿಕ್ಕ ಪ್ರಶ್ನೆಯ ಹಾಗೆ ಕಾಣುತ್ತದೆ. ನಿಮ್ಮ ಮುಂದಿನ ಹತ್ತು ವರ್ಷದ ಸಂಶೋಧನೆ ಇದರ ಮೇಲಿದೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಏಳನೇ ವೇತನ ಆಯೋಗದ ಯುಜಿಸಿ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲ ವೇತನ 57,700 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ನಿಮಗೆ ಹೇಳಿರುವ 60,000 ಎಲ್ಲ ಸೇರಿ. ಹಾಗಾಗಿ ಯಾರಾದರೂ ‘ನಮ್ಮದು ಯುಜಿಸಿ ಸ್ಕೇಲ್’ ಎಂದರೆ ನಗುತ್ತಲೇ ಬಿಡಿ ಲೆಕ್ಕ ಕೇಳಿ. 60,000 ಸಿಟಿಸಿಯಲ್ಲಿ ಮೂಲ ವೇತನ 30,000 ಎಂದಿಟ್ಟುಕೊಳ್ಳಿ. ಅದರ 12 ಪ್ರತಿಶತ, ಅಂದರೆ 3,600, ಸಂಸ್ಥೆಯ ಪಾಲಿನ ಪಿಎಫ್. ಇದನ್ನು ನಿಮ್ಮ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ ಎಂದು ಸುಮಾರು 1,440 ಎತ್ತಿಡುತ್ತಾರೆ, ಅದೂ ಸಿಟಿಸಿಯೊಳಗೆ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 3,600. ವೃತ್ತಿ ತೆರಿಗೆ 200. ಕೈಗೆ ಬರುವುದು 51,000ದ ಆಸುಪಾಸು. ಆರೋಗ್ಯ ವಿಮೆಯ ಕಂತೂ ಸಿಟಿಸಿಯಲ್ಲಿದ್ದರೆ ಇನ್ನೂ ಕಡಿಮೆ.

ಮೂಲ ವೇತನ ಎಷ್ಟು ಎಂಬುದಕ್ಕೆ ಯಾಕೆ ಇಷ್ಟು ಒತ್ತು ಕೊಡುತ್ತಿದ್ದೇನೆ ಎಂದರೆ, ಬಿಡುವಾಗ ಸಿಗುವ ದುಡ್ಡು ಅದರ ಮೇಲೆ. ಗ್ರಾಚ್ಯುಟಿಯ ಲೆಕ್ಕ ಸರಳ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. 30,000ದ ಮೇಲೆ ಆರು ವರ್ಷಕ್ಕೆ ಸುಮಾರು 1 ಲಕ್ಷ 4 ಸಾವಿರ. 57,700ರ ಮೇಲಾದರೆ ಹತ್ತಿರ ಹತ್ತಿರ 2 ಲಕ್ಷ. ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಎಂದು ಈಗಲೂ ಹೇಳುವವರಿದ್ದಾರೆ, ನಂಬಬೇಡಿ. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಶಿಕ್ಷಕರನ್ನು ಸೇರಿಸಿತು, 1997ರ ಏಪ್ರಿಲ್‌ನಿಂದಲೇ ಅನ್ವಯ ಎಂದಿತು, ಖಾಸಗಿ ಶಾಲೆಗಳವರು ಪ್ರಶ್ನಿಸಿದಾಗ 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಾಮಾನ್ಯ ನಿಯಮದಂತೆ ಐದು ವರ್ಷ ಸತತ ಸೇವೆ ಬೇಕು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ನಿಗದಿತ ಅವಧಿಯ ನೌಕರರಿಗೆ ಅದನ್ನು ಒಂದು ವರ್ಷಕ್ಕೆ ಇಳಿಸಿದೆ. ನಿಮ್ಮದು ಮೂರು ವರ್ಷದ ಕರಾರು, ಹಾಗಾಗಿ ಇದನ್ನು ಎಚ್‌ಆರ್ ಹತ್ತಿರ ಎತ್ತಲೇಬೇಕು.

ಭದ್ರತೆ ಬಗ್ಗೆ ಸುಮ್ನೆ ಸಮಾಧಾನ ಹೇಳುವುದಿಲ್ಲ. ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಗೋವಾದ ಸುಂದರಾಂಬಾಳ್ ಪ್ರಕರಣದಲ್ಲಿ ಹೇಳಿದೆ. ಕಾರ್ಖಾನೆಯ ನೌಕರನ ಹಾಗೆ ಲೇಬರ್ ಕೋರ್ಟಿನ ಬಾಗಿಲು ತಟ್ಟುವುದು ನಮಗೆ ಸುಲಭವಲ್ಲ. ನಮ್ಮ ಮಟ್ಟಿಗೆ ನೇಮಕಾತಿ ಪತ್ರವೇ ಕಾನೂನು. ಅದನ್ನು ಓದುವಾಗ ನೋಟಿಸ್ ಅವಧಿಯ ಸಾಲನ್ನು ಎರಡು ಸಲ ಓದಿ. ನೀವು ಬಿಡಬೇಕಾದರೆ ಮೂರು ತಿಂಗಳು, ಅವರು ಕಳಿಸಬೇಕಾದರೆ ಒಂದು ತಿಂಗಳು ಎಂದು ಇರುವುದುಂಟು. ಎರಡೂ ಕಡೆ ಸಮ ಇರಲಿ ಎಂದು ಕೇಳುವುದರಲ್ಲಿ ಅವಿಧೇಯತೆ ಏನಿಲ್ಲ. ಸೆಮಿಸ್ಟರ್ ಮಧ್ಯೆ ಬಿಡುವಂತಿಲ್ಲ ಎಂಬುದು ಮಾತ್ರ ನ್ಯಾಯವೇ, ಮಕ್ಕಳ ಪಾಠ ನಿಲ್ಲಬಾರದಲ್ವಾ. ಮೂಲ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ತೋರಿಸಿ, ವಾಪಸ್ ತೆಗೆದುಕೊಂಡೇ ಮನೆಗೆ ಹೋಗಿ. ಸಂಸ್ಥೆಗಳು ಅವನ್ನು ಇಟ್ಟುಕೊಳ್ಳಬಾರದು ಎಂದು ತಾಂತ್ರಿಕ ಶಿಕ್ಷಣದ ನಿಯಂತ್ರಕ ಎಐಸಿಟಿಇ ಹೇಳಿದೆ. ‘ಸೇಫಾಗಿ ಇರ್ತದೆ ಮಾರಾಯ್ರೆ’ ಎಂದು ಆಫೀಸಿನವರು ಪ್ರೀತಿಯಿಂದಲೇ ಹೇಳಬಹುದು. ನೀವೂ ಪ್ರೀತಿಯಿಂದಲೇ ಬೇಡ ಎನ್ನಿ.

ಆಫೀಸಿನವರ ವಿಷಯ ಬಂತು, ಒಂದು ಮಾತು. ಕುಲಪತಿಗಳು ಬದಲಾಗುತ್ತಾರೆ, ಡೀನ್ ಬದಲಾಗುತ್ತಾರೆ. ಸುತ್ತಮುತ್ತಲ ಊರಿನಿಂದ ಬಂದು ಮೂವತ್ತು ವರ್ಷದಿಂದ ಅದೇ ಸೆಕ್ಷನ್‌ನಲ್ಲಿ ಕೂತವರು ಬದಲಾಗುವುದಿಲ್ಲ. ಯಾವ ಫೈಲು ಎಲ್ಲಿ ನಿಂತಿದೆ, ಯಾವ ನಿಯಮಕ್ಕೆ ವಿನಾಯಿತಿ ಇದೆ, ಎಲ್ಲ ಅವರಿಗೆ ಗೊತ್ತು. ಅವರ ಜೊತೆ ನಾಲ್ಕು ಮಾತು ತುಳುವಿನಲ್ಲಿ ಆಡಲು ಕಲಿತರೆ ನಿಮ್ಮ ದಿನ ಹಗುರಾಗುತ್ತದೆ. ತರಗತಿಯಲ್ಲಿ ಇಂಗ್ಲಿಷ್, ಹಾಸ್ಟೆಲ್ ಕಡೆ ಹಿಂದಿ, ಮಲಯಾಳಂ, ಬಸ್ಸಿನಲ್ಲಿ ತುಳು. ಕನ್ನಡ ಎಲ್ಲರಿಗೂ ಬರುತ್ತದೆ, ಭಯ ಬೇಡ.

ಮನೆಯ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದೇ ಹೆಚ್ಚು ಯೋಚನೆಯ ವಿಷಯ. ಶಿವಮೊಗ್ಗದಿಂದ ಇಲ್ಲಿಗೆ ನೇರ ರೈಲಿಲ್ಲ. ತೀರ್ಥಹಳ್ಳಿ, ಆಗುಂಬೆ ದಾಟಿ ಬಸ್ಸು. ಘಾಟಿಯ 14 ತಿರುವು ಇಳಿದರೆ ಸೋಮೇಶ್ವರ, ಹೆಬ್ರಿ. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನ ನಿಲ್ಲಿಸುತ್ತಾರೆ, ಗುಡ್ಡ ಕುಸಿದರೆ ಎಲ್ಲವೂ ನಿಲ್ಲುತ್ತದೆ. ವಾರಕ್ಕೊಮ್ಮೆ ಹೋಗಿ ಬರುತ್ತೇನೆ ಎಂಬ ಲೆಕ್ಕ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಪ್ಪುತ್ತದೆ. ಶನಿವಾರ ಕೆಲಸವಿದೆಯೇ, ಪೂರ್ತಿಯೇ, ಅರ್ಧವೇ, ತಿಂಗಳಿಗೆ ಎಷ್ಟು ಶನಿವಾರ ರಜೆ ಎಂದು ಕೇಳಿ. ನಿಮ್ಮ ಸಂಸಾರಕ್ಕೆ ಇದು ಐದು ಸಾವಿರ ರೂಪಾಯಿ ಹೆಚ್ಚು ಸಂಬಳಕ್ಕಿಂತ ದೊಡ್ಡದು. ಮಗನನ್ನು ಕರೆತರುವುದಾದರೆ ಇನ್ನೊಂದು ವಿಷಯ. ಕರಾವಳಿಯಲ್ಲಿ ರೆಡ್ ಅಲರ್ಟ್ ಬಂದಾಗ ಜಿಲ್ಲಾಧಿಕಾರಿ ಶಾಲೆ, ಪಿಯುಗಳಿಗೆ ರಜೆ ಕೊಡುತ್ತಾರೆ. ನಿಮ್ಮ ವಿ.ವಿ.ಗೆ ಎಷ್ಟೋ ಸಲ ರಜೆ ಇರುವುದಿಲ್ಲ. ಅಂಥ ದಿನ ಮಗುವನ್ನು ನೋಡಿಕೊಳ್ಳುವವರು ಯಾರು? ಕ್ಯಾಂಪಸ್‌ನಲ್ಲಿ ಡೇ ಕೇರ್ ಇದೆಯೇ ವಿಚಾರಿಸಿ. ಮನೆ ಹುಡುಕುವಾಗ ಕ್ಯಾಂಪಸ್‌ಗೆ ಅಂಟಿಕೊಂಡ ಕಡೆ ಬೇಡ, ವಿದ್ಯಾರ್ಥಿಗಳ ದೆಸೆಯಿಂದ ಬಾಡಿಗೆ ಜಾಸ್ತಿ. ಮಣಿಪಾಲವಾದರೆ ಪರ್ಕಳದ ಕಡೆ, ದೇರಳಕಟ್ಟೆಯಾದರೆ ತೊಕ್ಕೊಟ್ಟಿನ ಕಡೆ ನೋಡಬಹುದು. ಸಿಟಿ ಬಸ್ಸು ಧಾರಾಳವಾಗಿದೆ. ಮೆಡಿಕಲ್ ಕಾಲೇಜು ಇರುವ ವಿ.ವಿ.ಯಾದರೆ ನೌಕರರ ಕುಟುಂಬಕ್ಕೆ ಆಸ್ಪತ್ರೆಯಲ್ಲಿ ಏನು ರಿಯಾಯಿತಿ ಎಂಬುದನ್ನೂ ಕೇಳಿ, ವಯಸ್ಸಾದ ಅಪ್ಪ ಅಮ್ಮ ಇರುವವರಿಗೆ ಅದು ಸಣ್ಣ ವಿಷಯವಲ್ಲ.

ಸರ್ಕಾರಿ ನೇಮಕಾತಿಗೆ ಕಾಯಬೇಕಾ? ಕೂತು ಕಾಯಬೇಡಿ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅರ್ಜಿ ಕರೆದರು, 2022ರ ಮಾರ್ಚ್‌ನಲ್ಲಿ ಪರೀಕ್ಷೆಯಾಯಿತು, ಆಮೇಲೆ ಆ ಅಭ್ಯರ್ಥಿಗಳು ಆದೇಶಕ್ಕಾಗಿ ಎಷ್ಟು ಕಾದರು ಎಂಬುದು ನಿಮಗೇ ಗೊತ್ತಿರುತ್ತದೆ. ಖಾಸಗಿಯಲ್ಲಿ ಇದ್ದುಕೊಂಡೂ ಪರೀಕ್ಷೆ ಬರೆಯಬಹುದು. ಪ್ರತಿ ವರ್ಷ ಹೊಸ ಪಟ್ಟಿಗೆ ಎದುರು ನೋಡುವ ಅತಿಥಿ ಉಪನ್ಯಾಸಕಿಗೆ ಮೂರು ವರ್ಷದ ಕರಾರು ಮೇಲೇ, ಕೆಳಗಲ್ಲ. ನಾನಾಗಿದ್ದರೆ ಹೊರಡುತ್ತಿದ್ದೆ, ಆದರೆ ಸಹಿ ಹಾಕುವ ಮೊದಲು ಒಂದು ಸಲ ಕ್ಯಾಂಪಸ್‌ಗೆ ಹೋಗಿ ಬರುತ್ತಿದ್ದೆ. ಸೆಮಿಸ್ಟರ್ ನಡೆಯುತ್ತಿರುವ ಮಾಮೂಲಿ ಮಂಗಳವಾರವೋ ಬುಧವಾರವೋ, ಮಧ್ಯಾಹ್ನ ಊಟದ ಹೊತ್ತಿಗೆ. ವಿಭಾಗದವರು ಒಟ್ಟಿಗೆ ಊಟ ಮಾಡುತ್ತಾರಾ ನೋಡಿ. ಸೇರಿ ಎರಡು ಮೂರು ವರ್ಷವಾದ ಕಿರಿಯರೊಬ್ಬರ ಜೊತೆ ಕ್ಯಾಂಟೀನಿನಲ್ಲಿ ಮಾತಾಡಿ. ಹೋದ ವರ್ಷ ಬಿಟ್ಟವರ ಫೋನ್ ನಂಬರ್ ಅವರ ಹತ್ತಿರ ಸಿಗುತ್ತದೆ. ಎಚ್‌ಒಡಿಯನ್ನು ಭೇಟಿಯಾದರೆ, ನಿಮ್ಮ ಪಿಎಚ್‌.ಡಿ. ವಿಷಯ ಯಾವುದು ಎಂದು ಅವರು ತಾವಾಗಿ ಕೇಳುತ್ತಾರಾ ಗಮನಿಸಿ.

ಲ್ಯಾಬ್ ಲೋಡಿನ ಲೆಕ್ಕ, ಮೂಲ ವೇತನ, ನೋಟಿಸ್ ಅವಧಿ, ಮಾರ್ಗದರ್ಶಿಯಾಗುವ ಅರ್ಹತೆ, ಶನಿವಾರದ ರಜೆ: ಈ ಐದನ್ನೂ ಒಂದೇ ಇಮೇಲ್‌ನಲ್ಲಿ ಎಚ್‌ಆರ್‌ಗೆ ಬರೆಯಿರಿ. ಉತ್ತರ ಫೋನಿನಲ್ಲಿ ಬಂದರೆ, ‘ನೀವು ಹೇಳಿದ್ದನ್ನು ಹೀಗೆ ಅರ್ಥ ಮಾಡಿಕೊಂಡೆ’ ಎಂದು ನೀವೇ ಬರೆದು ಕಳಿಸಿ. ಮತ್ತೆ, ಈಗಿನ ಕಾಲೇಜಿನಿಂದ ಸೇವಾ ಪ್ರಮಾಣಪತ್ರವನ್ನು ಪ್ರತಿ ವರ್ಷದ್ದೂ ಬೇರೆ ಬೇರೆಯಾಗಿ, ದಿನಾಂಕ ಸಮೇತ, ಪ್ರಾಂಶುಪಾಲರ ಸಹಿ ಹಾಕಿಸಿ ಹೊರಡುವ ಮೊದಲೇ ತೆಗೆದುಕೊಳ್ಳಿ. ಆಮೇಲೆ ಆ ಪ್ರಾಂಶುಪಾಲರು ವರ್ಗವಾಗಿ ಹೋದರೆ ಅದಕ್ಕಾಗಿ ಪದೇ ಪದೇ ಘಾಟಿ ಹತ್ತಬೇಕಾಗುತ್ತದೆ.